ಕಟ್ಟೆ ಚದುರಂಗದಿಂದ ಬಂದ ಚಾಂಪಿಯನ್: ಮೀರ್ ಸುಲ್ತಾನ್ ಖಾನ್



ಹೋದ ತಿಂಗಳು ನಮ್ಮ ಶಾಲೆಯಿಂದ ನಾಲ್ಕು ಜನ ಚೆಸ್ ಪಂದ್ಯಕ್ಕೆ ಹೋಗಿ ಬಂದದ್ದು ನಿಮಗೆಲ್ಲ ಗೊತ್ತೇ ಇದೆ. ನಾಲ್ವರಲ್ಲಿ ಮೂವರು ಮೊದಲ ಸುತ್ತಿನಲ್ಲೇ ಸೋತೆವು. ನಾನಂತೂ ನಾಲ್ಕನೇ ನಡೆಗೇ ಚೆಕ್‌ಮೇಟ್ ಆಗಿ, ಕೂತ ಜಾಗ ಬಿಸಿಯಾಗುವ ಮೊದಲೇ ಎದ್ದು ಬಂದೆ. ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮಲ್ಲೊಬ್ಬ ಹೇಳಿದ: "ಬಿಡ್ರೋ, ಅವರೆಲ್ಲ ಕೋಚಿಂಗ್‌ಗೆ ಹೋಗ್ತಾರೆ. ದಿನಾ ಫೋನಲ್ಲಿ ಆಡ್ತಾರೆ. ಓಪನಿಂಗ್ ಎಲ್ಲ ಬಾಯಿಪಾಠ ಮಾಡ್ಕೊಂಡು ಬಂದಿರ್ತಾರೆ. ನಾವು ಅರಳಿಕಟ್ಟೆ ಮೇಲೆ ತಾತನ ಹತ್ರ ಕಲಿತವರು. ಇದು ನಮ್ಮ ಕೈಲಿ ಆಗೋ ಕೆಲಸ ಅಲ್ಲ."

ಯಾರೂ ಎದುರು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಆ ಮಾತು ಮಾತ್ರ ಮನಸ್ಸಿನಲ್ಲೇ ಉಳಿಯಿತು.

ಮಾರನೆಯ ದಿನ ಮೇಷ್ಟ್ರಿಗೆ ಇದನ್ನೇ ಹೇಳಿದಾಗ ಅವರು ನಕ್ಕು, "ಸುಲ್ತಾನ್ ಖಾನ್ ಹೆಸರು ಕೇಳಿದ್ದೀಯಾ?" ಅಂದರು. ಕೇಳಿರಲಿಲ್ಲ. ಬೋರ್ಡ್ ತರಿಸಿ ಅವರ ಒಂದು ಆಟ ಆಡಿ ತೋರಿಸಿದರು. ಆ ಆಟಗಾರರ ಬಗ್ಗೆ ಈ ಪಾಠ. ಲೇಖನ ಸ್ವಲ್ಪ ಉದ್ದ ಇದೆ, ಗೋಡೆ ಮುಂದೆ ನಿಂತು ಓದಿ ಕಾಲು ನೋವು ಬಂದರೆ ಎರಡು ಸಲ ಬಂದು ಓದಿ. ಆದರೆ ಪೂರ್ತಿ ಓದಿ.

ಯಾವ ಚೆಸ್ ಆಟಗಾರನನ್ನು ಅಭ್ಯಾಸ ಮಾಡುವಾಗಲೂ ಮೂರು ಪ್ರಶ್ನೆ ಕೇಳಬೇಕಂತೆ. ಒಂದು, ಆಟವನ್ನು ಹೇಗೆ ಶುರು ಮಾಡುತ್ತಾನೆ? ಎರಡು, ಅವನ ಬಲ ಎಲ್ಲಿದೆ? ಮೂರು, ಅವನ ಕೊರತೆ ಎಲ್ಲಿದೆ? ಇವತ್ತು ಫೋನಿನಲ್ಲಿ ಆಡುವವರ ಬಗ್ಗೆಯೂ ಇದೇ ಮೂರು ಪ್ರಶ್ನೆ ಕೇಳಬಹುದು, ನೂರು ವರ್ಷದ ಹಿಂದಿನವರ ಬಗ್ಗೆಯೂ ಕೇಳಬಹುದು. ನಾವು ಸುಲ್ತಾನ್ ಖಾನರ ಬಗ್ಗೆ ಕೇಳೋಣ.

1. ಯಾರು ಇವರು?

ಮೀರ್ ಸುಲ್ತಾನ್ ಖಾನ್ ಅವಿಭಜಿತ ಭಾರತದ ಪಂಜಾಬಿನವರು. ಅವರ ಊರು ಮಿಠಾ ಟಿವಾನಾ ಈಗ ಪಾಕಿಸ್ತಾನದಲ್ಲಿದೆ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಹುಟ್ಟಿದವರು. ಒಂಬತ್ತನೇ ವಯಸ್ಸಿನಲ್ಲಿ ತಂದೆಯಿಂದ ಚದುರಂಗ ಕಲಿತರು. ಆದರೆ ಕಲಿತದ್ದು ನಾವು ಪಂದ್ಯದಲ್ಲಿ ಆಡುವ ಆಟ ಅಲ್ಲ. ಅದು ಭಾರತೀಯ ಪದ್ಧತಿಯ ಚದುರಂಗ. ಅಂದ್ರೆ ಹೆಚ್ಚುಕಮ್ಮಿ ನಮ್ಮ ತಾತಂದಿರು ಕಟ್ಟೆ ಮೇಲೆ ಆಡುವ ಆಟವೇ!

ಅವರ ಜಾಣತನ ಕಂಡ ಸರ್ ಉಮರ್ ಹಯಾತ್ ಖಾನ್ ಎಂಬ ದೊಡ್ಡ ಜಮೀನ್ದಾರರು ಅವರನ್ನು ತಮ್ಮ ಬಳಿ ಇಟ್ಟುಕೊಂಡು ಯುರೋಪಿನ ನಿಯಮದ ಆಟ ಕಲಿಸಿದರು. 1928ರಲ್ಲಿ ಸುಲ್ತಾನ್ ಖಾನ್ ಅಖಿಲ ಭಾರತ ಚಾಂಪಿಯನ್ ಆದರು. ಆ ಪಂದ್ಯಾವಳಿಯಲ್ಲಿ 8 ಗೆಲುವು, 1 ಡ್ರಾ. ಸೋಲು ಒಂದೂ ಇಲ್ಲ. 1929ರಲ್ಲಿ ಸರ್ ಉಮರ್ ಅವರ ಜೊತೆ ಲಂಡನ್‌ಗೆ ಹೋದರು.

ಅವರು ಓದು ಬರಹ ಬಾರದ ಸೇವಕರಾಗಿದ್ದರು ಎಂದು ಬಹಳ ಕಾಲ ಬರೆಯುತ್ತ ಬಂದಿದ್ದಾರೆ. ಅವರ ಮನೆಯವರು ಇದನ್ನು ಒಪ್ಪುವುದಿಲ್ಲ. ಏನೇ ಇರಲಿ, ಚೆಸ್ ಪುಸ್ತಕ ಓದಿ ಬೆಳೆದವರಲ್ಲ ಎಂಬುದರ ಗುರುತು ಅವರ ಆಟದಲ್ಲೇ ಇದೆ. ಅದನ್ನು ಮುಂದೆ ನೋಡೋಣ.

2. ಆ ಆಟಕ್ಕೂ ಈ ಆಟಕ್ಕೂ ಏನು ವ್ಯತ್ಯಾಸ?

ಇದನ್ನು ತಿಳಿಯದೆ ಅವರ ಶೈಲಿ ಅರ್ಥವಾಗುವುದಿಲ್ಲ. ಭಾರತೀಯ ಪದ್ಧತಿಯ ನಿಯಮಗಳು ಸೀಮೆಯಿಂದ ಸೀಮೆಗೆ ಸ್ವಲ್ಪ ಬದಲಾಗುತ್ತವೆ. ಮುಖ್ಯವಾದವು ಇವು:

(ಅ) ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ಪಂದ್ಯದ ಚೆಸ್ಸಿನಲ್ಲಿ ಮೊದಲ ಸಲ ಎರಡು ಮನೆ ಹೋಗಬಹುದು.

(ಆ) ಕ್ಯಾಸ್ಲಿಂಗ್ ಇಲ್ಲ. ಅಂದ್ರೆ ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನಿಗೆ ಕೋಟೆ ಕಟ್ಟುವುದು ಇಲ್ಲ. ಅದರ ಬದಲು ರಾಜ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಅದೂ ಅಲ್ಲಿಯವರೆಗೆ ಚೆಕ್ ಬಿದ್ದಿರಬಾರದು.

(ಇ) ಕಾಲಾಳು ಎದುರಾಳಿಯ ಕೊನೆ ಸಾಲು ಮುಟ್ಟಿದರೆ ನಮಗೆ ಬೇಕಾದ ಕಾಯಿ ಆಗುವುದಿಲ್ಲ. ಯಾವ ಕಂಬದಲ್ಲಿ ಮುಟ್ಟಿತೋ ಆ ಕಂಬದ ಕಾಯಿ ಆಗುತ್ತದೆ. ಕುದುರೆ ಕಂಬದಲ್ಲಿ ಮುಟ್ಟಿದರೆ ಕುದುರೆ, ಆನೆ ಕಂಬದಲ್ಲಿ ಮುಟ್ಟಿದರೆ ಆನೆ.

ಈಗ ಯೋಚಿಸಿ. ಕಾಲಾಳು ಒಂದೊಂದೇ ಹೆಜ್ಜೆ ಇಡುವ ಆಟದಲ್ಲಿ ಎರಡೂ ಕಡೆಯ ಸೈನ್ಯ ಎದುರುಬದುರಾಗಲು ಬಹಳ ಹೊತ್ತು ಬೇಕು. ಆದ್ದರಿಂದ ಮೊದಲ ಹತ್ತು ನಡೆಯನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಇಬ್ಬರೂ ತಮ್ಮ ತಮ್ಮ ಸೈನ್ಯ ಜೋಡಿಸಿಕೊಳ್ಳುತ್ತಾರೆ, ಜಗಳ ಆಮೇಲೆ. ಹೀಗೆ ಆಡಿ ಬೆಳೆದವನಿಗೆ ಎರಡು ಅಭ್ಯಾಸ ಬರುತ್ತವೆ. ಒಂದು, ಆರಂಭದಲ್ಲಿ ಅವಸರ ಇರುವುದಿಲ್ಲ. ಎರಡು, ಕಾಯಿಗಳು ಒತ್ತೊತ್ತಾಗಿ ನಿಂತ ಮೇಲೆ ದಾರಿ ಹುಡುಕುವುದು ಚೆನ್ನಾಗಿ ಬರುತ್ತದೆ. ಮೊದಲನೆಯದು ಪಂದ್ಯದ ಚೆಸ್ಸಿನಲ್ಲಿ ಕೊರತೆ. ಎರಡನೆಯದು ಬಲ. ಸುಲ್ತಾನ್ ಖಾನರಲ್ಲಿ ಎರಡೂ ಇದ್ದವು.

3. ಮೊದಲು ಸೋಲು, ಆಮೇಲೆ ಗೆಲುವು

ಲಂಡನ್‌ಗೆ ಹೋದ ಕೂಡಲೇ ಗೆದ್ದುಬಿಟ್ಟರು ಅಂದುಕೊಳ್ಳಬೇಡಿ. ಅವರಿಗೆ ಅನುಭವ ಸಾಲದು, ಓಪನಿಂಗ್ ಜ್ಞಾನ ಸಾಲದು ಎಂದು ಮೊದಲು ಒಂದು ತರಬೇತಿ ಪಂದ್ಯಾವಳಿ ಏರ್ಪಡಿಸಿದರು. ಅದರಲ್ಲಿ ಅವರು ಕೊನೆಯ ಸ್ಥಾನ ಹಂಚಿಕೊಂಡರು. ಹೌದು, ಕೊನೆಯ ಸ್ಥಾನ!

ಆಗ ಅವರಿಗಿಂತ ಮುಂದೆ ಬಂದಿದ್ದ ವಿಲಿಯಂ ವಿಂಟರ್ ಮತ್ತು ಫ್ರೆಡೆರಿಕ್ ಯೇಟ್ಸ್ ಎಂಬ ಇಬ್ಬರು ಇಂಗ್ಲಿಷ್ ಆಟಗಾರರು ಅವರಿಗೆ ಪಾಠ ಹೇಳಿಕೊಟ್ಟರು. ಅದೇ 1929ರ ಬೇಸಿಗೆಯಲ್ಲಿ ರಾಮ್ಸ್‌ಗೇಟ್ ಎಂಬ ಊರಿನಲ್ಲಿ ಬ್ರಿಟಿಷ್ ಚಾಂಪಿಯನ್‌ಷಿಪ್ ನಡೆಯಿತು. ಗೆದ್ದವರು ಸುಲ್ತಾನ್ ಖಾನ್. 1932ರಲ್ಲಿ ಮತ್ತೆ ಗೆದ್ದರು, 1933ರಲ್ಲಿ ಮೂರನೇ ಸಲ ಗೆದ್ದರು. ನಮ್ಮ ದೇಶ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕಾಲ ಅದು ಎಂಬುದನ್ನು ಮರೆಯಬೇಡಿ.

ಅವರ ಕೆಲವು ಮುಖ್ಯ ಸಾಧನೆಗಳು (ನೋಟ್ಸ್ ಬರೆದುಕೊಳ್ಳುವವರು ಬರೆದುಕೊಳ್ಳಿ):

1930: ಬೆಲ್ಜಿಯಂನ ಲಿಯೇಜ್ ಪಂದ್ಯಾವಳಿಯಲ್ಲಿ ಟಾರ್ಟಕೋವರ್ ನಂತರ 2ನೇ ಸ್ಥಾನ.

1930-31: ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಯೂವೆ ಮತ್ತು ಕಾಪಬ್ಲಾಂಕಾ ನಂತರ 3ನೇ ಸ್ಥಾನ.

1931: ಟಾರ್ಟಕೋವರ್ ಜೊತೆ 12 ಆಟಗಳ ಸ್ಪರ್ಧೆಯಲ್ಲಿ ಗೆಲುವು. 4 ಗೆಲುವು, 5 ಡ್ರಾ, 3 ಸೋಲು.

1931: ಪ್ರಾಗ್ ಒಲಿಂಪಿಯಾಡ್‌ನಲ್ಲಿ ಇಂಗ್ಲೆಂಡ್ ತಂಡದ ಪರವಾಗಿ 8 ಗೆಲುವು, 7 ಡ್ರಾ, 2 ಸೋಲು. ಫ್ಲೋರ್, ರೂಬಿನ್‌ಸ್ಟೈನ್ ಅಂಥವರನ್ನೇ ಸೋಲಿಸಿದರು. ಆಗಿನ ವಿಶ್ವ ಚಾಂಪಿಯನ್ ಅಲೆಖೈನ್ ಜೊತೆ ಡ್ರಾ.

1932: ಫ್ಲೋರ್ ಜೊತೆ 6 ಆಟಗಳ ಸ್ಪರ್ಧೆಯಲ್ಲಿ ಸ್ವಲ್ಪದರಲ್ಲಿ ಸೋಲು. 1 ಗೆಲುವು, 3 ಡ್ರಾ, 2 ಸೋಲು.

ಇವರೆಲ್ಲ ಆ ಕಾಲದಲ್ಲಿ ಇಡೀ ಜಗತ್ತಿನ ಮೊದಲ ಸಾಲಿನ ಆಟಗಾರರು. ಇನ್ನೊಂದು ವಿಷಯ: ಇಂಗ್ಲೆಂಡಿನ ಚಳಿ ಅವರಿಗೆ ಒಗ್ಗಲಿಲ್ಲ. ಮಲೇರಿಯಾ ಜ್ವರ ಮತ್ತೆ ಮತ್ತೆ ಬರುತ್ತಿತ್ತು. ನೆಗಡಿ, ಗಂಟಲು ನೋವು ಬಿಡುತ್ತಲೇ ಇರಲಿಲ್ಲ. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೇ ಆಡಲು ಬಂದು ಕೂರುತ್ತಿದ್ದರಂತೆ.

4. ಅವರ ಬಲ ಎಲ್ಲಿತ್ತು?

ಚೆಸ್ ಆಟವನ್ನು ಮೂರು ಭಾಗ ಮಾಡುತ್ತಾರೆ: ಆರಂಭ, ಮಧ್ಯದ ಆಟ, ಕೊನೆಯ ಆಟ. ನಮ್ಮ ವ್ಯವಸಾಯಕ್ಕೆ ಹೋಲಿಸಿದರೆ ಉಳುಮೆ-ಬಿತ್ತನೆ, ಕಳೆ-ನೀರು, ಕೊಯ್ಲು ಇದ್ದ ಹಾಗೆ. ಸುಲ್ತಾನ್ ಖಾನ್ ಬಿತ್ತನೆಯಲ್ಲಿ ಅಷ್ಟಕ್ಕಷ್ಟೆ. ಆದರೆ ಕಳೆ ತೆಗೆಯುವುದರಲ್ಲಿ, ಕೊಯ್ಲಿನಲ್ಲಿ ಅವರನ್ನು ಮೀರಿಸುವವರು ಬಹಳ ಕಮ್ಮಿ ಇದ್ದರು.

ಅವರ ಶೈಲಿಯ ಲಕ್ಷಣಗಳು:

ತಾಳ್ಮೆ. ಒಂದು ಸಣ್ಣ ಲಾಭ ಸಿಕ್ಕರೆ ಸಾಕು, ಅದನ್ನು ಹಿಡಿದು ನಲವತ್ತು ನಡೆ ಬೇಕಾದರೂ ಒತ್ತುತ್ತಿದ್ದರು. ಬೇಗ ಮುಗಿಸಬೇಕು ಎಂಬ ಆಸೆ ಇಲ್ಲ.

ರಾಜನ ಬಗ್ಗೆ ಧೈರ್ಯ. ಕ್ಯಾಸ್ಲಿಂಗ್ ಇಲ್ಲದ ಆಟದಲ್ಲಿ ಬೆಳೆದವರಾದ್ದರಿಂದ ರಾಜ ನಡುವಿನಲ್ಲೇ ಇದ್ದರೂ ಅವರಿಗೆ ಗಾಬರಿ ಆಗುತ್ತಿರಲಿಲ್ಲ. ಯಾವ ಮನೆ ಕ್ಷೇಮ ಎಂದು ನೋಡಿ ರಾಜನನ್ನು ನಡೆಸಿಕೊಂಡೇ ಹೋಗುತ್ತಿದ್ದರು.

ಕಾಯಿಗಳನ್ನು ಜಾಗಕ್ಕೆ ತರುವುದು. ಎದುರಾಳಿ ಕೈಕಾಲು ಆಡಿಸಲಾಗದ ಹಾಗೆ ಕಾಲಾಳುಗಳ ಬೇಲಿ ಕಟ್ಟಿ, ಆಮೇಲೆ ತಮ್ಮ ಆನೆಗಳಿಗೆ ದಾರಿ ಮಾಡುತ್ತಿದ್ದರು.

5. ಆರಂಭದ ಆಟ

ಪುಸ್ತಕದ ಉದ್ದುದ್ದ ಓಪನಿಂಗ್‌ಗಳು ಅವರಿಗೆ ಬರುತ್ತಿರಲಿಲ್ಲ. ಆದ್ದರಿಂದ ಶುರುವಿನಲ್ಲೇ ಕೈಕೈ ಮಿಲಾಯಿಸುವ ಆಟಕ್ಕಿಂತ ನಿಧಾನವಾಗಿ ಸೈನ್ಯ ಜೋಡಿಸುವ ಆಟ ಅವರಿಗೆ ಹೊಂದುತ್ತಿತ್ತು. ಬಿಳಿ ಕಾಯಿ ಸಿಕ್ಕಾಗ ಮಂತ್ರಿಯ ಮುಂದಿನ ಕಾಲಾಳನ್ನು ಮುಂದೆ ಹಾಕಿ, ಕುದುರೆ ಒಂಟೆಗಳನ್ನು ಹೊರಗೆ ತಂದು, ಅಂಚಿನ ಕಾಲಾಳನ್ನು ಒಂದು ಮನೆ ಸರಿಸಿ ಬಂದೋಬಸ್ತ್ ಮಾಡಿಕೊಳ್ಳುವಂಥ ಆಟ. ಇದಕ್ಕೆ ಒಳ್ಳೆಯ ಉದಾಹರಣೆ ಕಾಪಬ್ಲಾಂಕಾ ಜೊತೆ ಆಡಿದ ಆಟ. ಮೇಷ್ಟ್ರು ನನಗೆ ತೋರಿಸಿದ್ದೂ ಅದನ್ನೇ. ಈಗ ಬೋರ್ಡ್ ತೆಗೆದುಕೊಳ್ಳಿ.

6. ಕಾಪಬ್ಲಾಂಕಾ ಜೊತೆ ಆಟ: ಹೇಸ್ಟಿಂಗ್ಸ್, 1930-31

ಕ್ಯೂಬಾ ದೇಶದ ಹೊಸೆ ರೌಲ್ ಕಾಪಬ್ಲಾಂಕಾ 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್. ಅವರನ್ನು ಸೋಲಿಸುವುದೇ ಅಪರೂಪ ಎಂದು ಹೆಸರಾದವರು. ಈ ಆಟದಲ್ಲಿ ಸುಲ್ತಾನ್ ಖಾನರದು ಬಿಳಿ, ಕಾಪಬ್ಲಾಂಕಾ ಅವರದು ಕಪ್ಪು.

ಮನೆಗಳ ಹೆಸರು ಗೊತ್ತಿಲ್ಲದವರಿಗೆ: ಬಿಳಿ ಕಾಯಿಯ ಕಡೆ ಕೂತಾಗ ಎಡದಿಂದ ಬಲಕ್ಕೆ ಕಂಬಗಳು ಎ, ಬಿ, ಸಿ, ಡಿ, ಇ, ಎಫ್, ಜಿ, ಹೆಚ್. ನಮ್ಮ ಹತ್ತಿರದ ಸಾಲು 1, ದೂರದ ಸಾಲು 8. ಎಡಮೂಲೆ ಎ1. ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನ ನಡೆ ಬರೆದಿದ್ದೇನೆ.

1. ಕುದುರೆ ಎಫ್3 – ಕುದುರೆ ಎಫ್6
2. ಕಾಲಾಳು ಡಿ4 – ಕಾಲಾಳು ಬಿ6
3. ಕಾಲಾಳು ಸಿ4 – ಒಂಟೆ ಬಿ7
4. ಕುದುರೆ ಸಿ3 – ಕಾಲಾಳು ಇ6
5. ಕಾಲಾಳು ಎ3 – ಕಾಲಾಳು ಡಿ5

ಇಲ್ಲಿ ನಿಲ್ಲಿ. ಈ ಆರಂಭಕ್ಕೆ ಕ್ವೀನ್ಸ್ ಇಂಡಿಯನ್ ಡಿಫೆನ್ಸ್ ಎಂದು ಹೆಸರು. ಬಿಳಿಯ ಐದನೇ ನಡೆ ನೋಡಿ. ಮೂಲೆಯ ಕಾಲಾಳು ಒಂದೇ ಒಂದು ಮನೆ! ಕಟ್ಟೆ ಆಟದ ಹಾಗೇ ಕಾಣುತ್ತದೆ ಅಲ್ಲವೇ? ಆದರೆ ಇದಕ್ಕೆ ಕಾರಣ ಇದೆ. ಕಪ್ಪಿನ ಒಂಟೆ ಬಿ4ಕ್ಕೆ ಬಂದು ಸಿ3ರ ಕುದುರೆಯನ್ನು ಕಟ್ಟಿಹಾಕಬಾರದು ಎಂದು ಬಾಗಿಲು ಹಾಕಿದ್ದು. ಎಷ್ಟೋ ವರ್ಷಗಳ ನಂತರ ವಿಶ್ವ ಚಾಂಪಿಯನ್ ಪೆಟ್ರೋಸಿಯನ್ ಇದೇ ಓಪನಿಂಗ್‌ನಲ್ಲಿ ಇದೇ ಸಣ್ಣ ನಡೆಯನ್ನು ಬಳಸಿ ಪ್ರಸಿದ್ಧಿ ಮಾಡಿದರು. ಆಮೇಲೆ ಕಾಸ್ಪರೋವ್ ಕೂಡ ಅದರಿಂದ ಬಹಳ ಆಟ ಗೆದ್ದರು. ಸಣ್ಣ ನಡೆ ಎಂದು ನಗಬಾರದು.

6. ಸಿ ಕಾಲಾಳು ಡಿ5ರಲ್ಲಿ ಹೊಡೆಯುತ್ತದೆ – ಇ ಕಾಲಾಳು ಡಿ5ರಲ್ಲಿ ಹೊಡೆಯುತ್ತದೆ
7. ಒಂಟೆ ಜಿ5 – ಒಂಟೆ ಇ7
8. ಕಾಲಾಳು ಇ3 – ರಾಜನ ಕಡೆ ಕ್ಯಾಸ್ಲಿಂಗ್
9. ಒಂಟೆ ಡಿ3 – ಕುದುರೆ ಇ4
10. ಒಂಟೆ ಎಫ್4 – ಕುದುರೆ ಡಿ7
11. ಮಂತ್ರಿ ಸಿ2 – ಕಾಲಾಳು ಎಫ್5
12. ಕುದುರೆ ಬಿ5 – ಒಂಟೆ ಡಿ6
13. ಕುದುರೆ ಡಿ6ರ ಒಂಟೆಯನ್ನು ಹೊಡೆಯುತ್ತದೆ – ಸಿ ಕಾಲಾಳು ಆ ಕುದುರೆಯನ್ನು ಹೊಡೆಯುತ್ತದೆ
14. ಕಾಲಾಳು ಹೆಚ್4 – ಆನೆ ಸಿ8
15. ಮಂತ್ರಿ ಬಿ3 – ಮಂತ್ರಿ ಇ7
16. ಕುದುರೆ ಡಿ2 – ಡಿ7ರ ಕುದುರೆ ಎಫ್6
17. ಕುದುರೆ ಇ4ರ ಕುದುರೆಯನ್ನು ಹೊಡೆಯುತ್ತದೆ – ಎಫ್ ಕಾಲಾಳು ಆ ಕುದುರೆಯನ್ನು ಹೊಡೆಯುತ್ತದೆ
18. ಒಂಟೆ ಇ2 – ಆನೆ ಸಿ6
19. ಕಾಲಾಳು ಜಿ4 – ಇನ್ನೊಂದು ಆನೆ ಸಿ8
20. ಕಾಲಾಳು ಜಿ5 – ಕುದುರೆ ಇ8

ಕಪ್ಪು ಎಂಟನೇ ನಡೆಯಲ್ಲೇ ಕೋಟೆ ಕಟ್ಟಿಕೊಂಡಾಗಿದೆ. ಬಿಳಿ ರಾಜ ಇನ್ನೂ ಹುಟ್ಟಿದ ಮನೆಯಲ್ಲೇ ಇದ್ದಾನೆ. ಕಪ್ಪು ಎರಡೂ ಆನೆಗಳನ್ನು ಸಿ ಕಂಬದಲ್ಲಿ ಒಂದರ ಹಿಂದೆ ಒಂದು ನಿಲ್ಲಿಸಿ ನುಗ್ಗಲು ಸಿದ್ಧ ಮಾಡಿದೆ. ನಾನಾಗಿದ್ದರೆ ಬೆವರುತ್ತಿದ್ದೆ. ಸುಲ್ತಾನ್ ಖಾನ್ ಏನು ಮಾಡಿದರು ನೋಡಿ.

21. ಒಂಟೆ ಜಿ4 (ಸಿ8ರ ಆನೆಗೆ ಗುರಿ) – ಆನೆ ಸಿ1, ಚೆಕ್
22. ರಾಜ ಡಿ2 – ಸಿ8ರ ಆನೆ ಸಿ2, ಚೆಕ್
23. ಮಂತ್ರಿ ಸಿ2ರ ಆನೆಯನ್ನು ಹೊಡೆಯುತ್ತದೆ – ಸಿ1ರ ಆನೆ ಮಂತ್ರಿಯನ್ನು ಹೊಡೆಯುತ್ತದೆ, ಚೆಕ್
24. ರಾಜ ಸಿ2ರ ಆನೆಯನ್ನು ಹೊಡೆಯುತ್ತಾನೆ – ಮಂತ್ರಿ ಸಿ7, ಚೆಕ್

ಈಗ ಬೋರ್ಡ್ ನೋಡಿ ಲೆಕ್ಕ ಹಾಕಿ. ಬಿಳಿ ಮಂತ್ರಿಯನ್ನು ಕೊಟ್ಟು ಎರಡು ಆನೆ ತೆಗೆದುಕೊಂಡಿದೆ. ಆನೆಗೆ 5 ಅಂಕ, ಮಂತ್ರಿಗೆ 9, ಒಂಟೆಗೂ ಕುದುರೆಗೂ 3, ಕಾಲಾಳಿಗೆ 1. ಬಿಳಿಗೆ ಎರಡು ಆನೆ, ಎರಡು ಒಂಟೆ, ಏಳು ಕಾಲಾಳು: 10 + 6 + 7 = 23. ಕಪ್ಪಿಗೆ ಮಂತ್ರಿ, ಒಂದು ಒಂಟೆ, ಒಂದು ಕುದುರೆ, ಏಳು ಕಾಲಾಳು: 9 + 3 + 3 + 7 = 22. ವ್ಯತ್ಯಾಸ ಒಂದೇ ಅಂಕ!

ಮಂತ್ರಿ ಹೋಯ್ತು ಅಂದ್ರೆ ನಾವು ಆಟ ಮುಗಿಯಿತು ಅಂತ ಕೈ ಚೆಲ್ಲುತ್ತೇವೆ. ಆದರೆ ಇಲ್ಲಿ ಕಾಲಾಳುಗಳು ಬೇಲಿಯ ಹಾಗೆ ಎದುರುಬದುರು ಸಿಕ್ಕಿಕೊಂಡಿವೆ. ಕಪ್ಪು ಮಂತ್ರಿಗೆ ಓಡಾಡಲು ಜಾಗ ಇದೆ, ಕಚ್ಚಲು ಏನೂ ಸಿಗುತ್ತಿಲ್ಲ. ಬಿಳಿ ಆನೆಗಳು ಮಾತ್ರ ಜೋಡೆತ್ತಿನ ಹಾಗೆ ಸಿ ಕಂಬದಲ್ಲಿ ಒಟ್ಟಿಗೆ ಎಳೆಯುತ್ತವೆ.

ಮುಂದೆ ನಡೆದದ್ದನ್ನು ಮಾತಿನಲ್ಲಿ ಹೇಳುತ್ತೇನೆ. ಬಿಳಿ ಎರಡೂ ಆನೆಗಳನ್ನು ಸಿ ಕಂಬಕ್ಕೆ ತಂದಿತು. ರಾಜ ಡಿ2ರಿಂದ ಸಿ1ಕ್ಕೆ, ಅಲ್ಲಿಂದ ಬಿ2ಕ್ಕೆ, ಒಮ್ಮೆ ಎ3ರವರೆಗೂ ನಡೆದುಕೊಂಡೇ ಹೋದ. ಕ್ಯಾಸ್ಲಿಂಗ್ ಇಡೀ ಆಟದಲ್ಲಿ ಮಾಡಲೇ ಇಲ್ಲ! ಕಪ್ಪು ಮಂತ್ರಿ ಹೆಚ್3, ಹೆಚ್4 ಎಂದು ಅಲ್ಲೇ ಅಲ್ಲೇ ತಿರುಗುತ್ತಿತ್ತು. ಬಿಳಿಗೆ ಅವಸರವೇ ಇಲ್ಲ. ಎಡಗಡೆಯ ಕಾಲಾಳುಗಳನ್ನು ಒಂದೊಂದಾಗಿ ಮುಂದೆ ತಂದು, 45ನೇ ನಡೆಯಲ್ಲಿ ಬಿ5ರಲ್ಲಿ ಒಂದು ಕಾಲಾಳನ್ನು ಊರಿತು. 53ನೇ ನಡೆಯಲ್ಲಿ ಆನೆ ಸಿ6ಕ್ಕೆ ನುಗ್ಗಿತು. 61ನೇ ನಡೆಯಲ್ಲಿ ಅದೇ ಆನೆ ಬಿ6ರ ಕಾಲಾಳನ್ನು ಹೊಡೆಯಿತು. ಬಿ ಕಂಬದ ಬಿಳಿ ಕಾಲಾಳಿಗೆ ದಾರಿ ತೆರೆಯಿತು. 65ನೇ ನಡೆಗೆ ಆನೆ ಬಿ8 ಸೇರಿದಾಗ ಕಾಪಬ್ಲಾಂಕಾ ಸೋಲೊಪ್ಪಿದರು.

24ನೇ ನಡೆಯಿಂದ 65ನೇ ನಡೆ. ಒಂದು ಅಂಕದ ಲಾಭವನ್ನು ಹಿಡಿದು 41 ನಡೆ! ಇದರಲ್ಲಿ ಬಾಯಿಪಾಠದ ನಡೆ ಎಷ್ಟು? ಹೆಚ್ಚೆಂದರೆ ಮೊದಲಿನ ನಾಲ್ಕೈದು. ಉಳಿದದ್ದೆಲ್ಲ ಬೋರ್ಡ್ ನೋಡಿ ಯೋಚಿಸಿದ್ದು.

ಸೋತ ಕಾಪಬ್ಲಾಂಕಾ ಅವರೇ ಮುಂದೆ ಸುಲ್ತಾನ್ ಖಾನರ ಬಗ್ಗೆ ಬರೆಯುತ್ತ, ಇಂಥ ಪರಿಸ್ಥಿತಿಯಲ್ಲಿ ಚಾಂಪಿಯನ್ ಆದವರನ್ನು ಪ್ರತಿಭಾವಂತ ಎಂದರೆ ಸಾಲದು, ಅದಕ್ಕಿಂತ ದೊಡ್ಡ ಮಾತೇ ಬೇಕು ಎಂಬ ಅರ್ಥದಲ್ಲಿ ಹೊಗಳಿದ್ದಾರೆ.

7. ಕೊರತೆ ಎಲ್ಲಿತ್ತು?

ಇದನ್ನೂ ಪ್ರಾಮಾಣಿಕವಾಗಿ ಬರೆಯಬೇಕು. ಇಲ್ಲದಿದ್ದರೆ ಪಾಠ ಅರ್ಧ ಆಗುತ್ತದೆ.

ಓಪನಿಂಗ್ ಗೊತ್ತಿಲ್ಲದಿರುವುದು ಒಳ್ಳೆಯದೇ ಅಂತ ಯಾರೂ ತಿಳಿಯಬಾರದು. ಅದರಿಂದಲೇ ಅವರು ಮೊದಲ ತರಬೇತಿ ಪಂದ್ಯಾವಳಿಯಲ್ಲಿ ಕೊನೆಗೆ ಬಂದರು. ಎಷ್ಟೋ ಆಟಗಳಲ್ಲಿ ಮೊದಲ ಹದಿನೈದು ನಡೆಯಲ್ಲೇ ಹಿಂದೆ ಬಿದ್ದು, ಆಮೇಲೆ ಮಧ್ಯದ ಆಟದಲ್ಲಿ ಮೈಯೆಲ್ಲ ಬೆವರಿಳಿಸಿ ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಸಾಲ ಮಾಡಿ ಬೇಸಾಯ ಶುರು ಮಾಡಿದ ಹಾಗೆ. ಬೆಳೆ ಚೆನ್ನಾಗಿ ಬಂದರೂ ಮೊದಲು ಸಾಲ ತೀರಬೇಕು. ಅಲೆಖೈನ್ ಅಂಥವರಿಗೆ ಆರಂಭದಲ್ಲೇ ಎಲ್ಲ ಗೊತ್ತಿರುತ್ತಿತ್ತು. ಸುಲ್ತಾನ್ ಖಾನ್ ಪ್ರತಿ ಸಲವೂ ಬೋರ್ಡಿನ ಮುಂದೆ ಕೂತೇ ಕಂಡುಹಿಡಿಯಬೇಕಿತ್ತು.

ಮತ್ತೊಂದು ಗಮನಿಸಿ. ವಿಂಟರ್ ಮತ್ತು ಯೇಟ್ಸ್ ಪಾಠ ಹೇಳಿದಾಗ "ನಾನು ಭಾರತದ ಚಾಂಪಿಯನ್, ನನಗೆ ನೀವೇನು ಹೇಳೋದು" ಅಂತ ಅವರು ಕೂರಲಿಲ್ಲ. ಕಲಿತರು. ಕೆಲವೇ ತಿಂಗಳಲ್ಲಿ ಫಲ ಸಿಕ್ಕಿತು.

8. ಆಮೇಲೆ ಏನಾಯಿತು?

1933ರ ಕೊನೆಗೆ ಸರ್ ಉಮರ್ ಭಾರತಕ್ಕೆ ಹಿಂದಿರುಗಿದರು. ಸುಲ್ತಾನ್ ಖಾನರೂ ಅವರ ಜೊತೆ ಬಂದರು. ಅಲ್ಲಿಗೆ ಅವರ ದೊಡ್ಡ ಪಂದ್ಯಗಳ ಕಾಲ ಮುಗಿಯಿತು. ಎಲ್ಲ ಸೇರಿ ಐದು ವರ್ಷವೂ ಇಲ್ಲ! 1935ರಲ್ಲಿ ಖಾಡಿಲ್ಕರ್ ಎಂಬುವರ ಜೊತೆ ಹತ್ತು ಆಟ ಆಡಿ ಒಂದೇ ಒಂದು ಡ್ರಾ ಬಿಟ್ಟುಕೊಟ್ಟು, ಉಳಿದ ಒಂಬತ್ತನ್ನೂ ಗೆದ್ದರು. ಮುಂದೆ ಊರಿನ ಕಡೆ ಜಮೀನು ನೋಡಿಕೊಂಡಿದ್ದರು. ದೇಶ ವಿಭಜನೆಯಾದಾಗ ಅವರ ಊರು ಪಾಕಿಸ್ತಾನಕ್ಕೆ ಸೇರಿತು. 1966ರಲ್ಲಿ ತೀರಿಕೊಂಡರು.

ಅಮೆರಿಕದ ಆಟಗಾರ ರೂಬೆನ್ ಫೈನ್ ಒಂದು ಪ್ರಸಂಗ ಬರೆದಿದ್ದಾರೆ. 1933ರಲ್ಲಿ ಅಮೆರಿಕದ ತಂಡವನ್ನು ಸರ್ ಉಮರ್ ತಮ್ಮ ಲಂಡನ್ ಮನೆಗೆ ಕರೆದಿದ್ದರಂತೆ. ಅಲ್ಲಿ ಇವರಿಗೆಲ್ಲ ಬಡಿಸಿದವರು ಸುಲ್ತಾನ್ ಖಾನ್. ಯಾರ ಆಟ ಕಂಡು ತಾವು ಬೆರಗಾಗಿದ್ದರೋ ಅವರೇ ತಟ್ಟೆ ಹಿಡಿದು ನಿಂತದ್ದನ್ನು ಕಂಡು ಅತಿಥಿಗಳಿಗೆ ಇರಿಸುಮುರಿಸು ಆಯಿತಂತೆ. ಇದನ್ನು ಕೇಳಿದಾಗ ನನಗೂ ಹೊಟ್ಟೆಯಲ್ಲಿ ಏನೋ ಆಯಿತು.

ನಮ್ಮ ಶಾಲೆಯ ಹೆಣ್ಣುಮಕ್ಕಳಿಗಾಗಿ ಒಂದು ವಿಷಯ: ಅದೇ ಸರ್ ಉಮರ್ ಅವರ ಮನೆಯಲ್ಲಿದ್ದ ಮಿಸ್ ಫಾತಿಮಾ 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದರು. ಚೆಸ್ ಹುಡುಗರ ಆಟ ಅಂತ ಹೇಳುವವರಿಗೆ ಈ ಹೆಸರು ಹೇಳಿ.

ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ವಿಶ್ವ ಚೆಸ್ ಸಂಸ್ಥೆ ಫಿಡೆ 1950ರಲ್ಲಿ ಕೊಡಲು ಶುರು ಮಾಡಿತು. ಆಗ ಸುಲ್ತಾನ್ ಖಾನ್ ಬದುಕಿದ್ದರು, ಆದರೆ ಆಟ ಬಿಟ್ಟು ಬಹಳ ವರ್ಷವಾಗಿತ್ತು. ಬಿರುದು ಬರಲಿಲ್ಲ. ಕೊನೆಗೆ 2024ರಲ್ಲಿ ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ನೀಡಿತು. ತೀರಿಕೊಂಡು ಸುಮಾರು 58 ವರ್ಷದ ಮೇಲೆ. ಅದೇ 2024ರ ಡಿಸೆಂಬರ್‌ನಲ್ಲಿ ನಮ್ಮ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಎರಡೂ ಒಂದೇ ವರ್ಷ.

9. ನಾವು ಕಲಿಯಬೇಕಾದದ್ದು

ಬಸ್ಸಿನಲ್ಲಿ ನನ್ನ ಸ್ನೇಹಿತ ಹೇಳಿದ ಮಾತಿಗೆ ಈಗ ಉತ್ತರ ಹೇಳಬಲ್ಲೆ. ಅವನು ಹೇಳಿದ್ದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು.

ಪಟ್ಟಣದ ಹುಡುಗರಿಗೆ ಓಪನಿಂಗ್ ಗೊತ್ತು, ನಮಗೆ ಗೊತ್ತಿಲ್ಲ. ಇದು ನಿಜ. ನಾನು ನಾಲ್ಕೇ ನಡೆಗೆ ಸೋತದ್ದು ಹೇಗೆ ಎಂದರೆ, ಎದುರಾಳಿ ಮಂತ್ರಿಯನ್ನೂ ಒಂಟೆಯನ್ನೂ ನನ್ನ ಎಫ್7 ಮನೆಯ ಮೇಲೆ ಗುರಿಯಿಟ್ಟು ತಂದ. ಆರಂಭದಲ್ಲಿ ಆ ಮನೆಗೆ ರಾಜನೊಬ್ಬನೇ ಕಾವಲು. ಕಟ್ಟೆ ಆಟದಲ್ಲಿ ಕಾಲಾಳು ಒಂದೇ ಮನೆ ನಡೆಯುವುದರಿಂದ ಅಷ್ಟು ಬೇಗ ಮಂತ್ರಿ ಹೊರಗೆ ಬರುವುದನ್ನು ನಾನು ನೋಡಿಯೇ ಇರಲಿಲ್ಲ. ಇದನ್ನು ಒಂದು ಸಲ ತೋರಿಸಿಕೊಟ್ಟರೆ ಜನ್ಮದಲ್ಲಿ ಮತ್ತೆ ಸೋಲುವುದಿಲ್ಲ. ಕಲಿಯಲು ಬೇಕಾದದ್ದು ಹತ್ತು ನಿಮಿಷ.

ಆದರೆ "ನಮ್ಮ ಕೈಲಿ ಆಗಲ್ಲ" ಅಂದದ್ದು ಸುಳ್ಳು. ತಾತಂದಿರು ಒಂದು ಆಟವನ್ನು ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಆಡುತ್ತಾರಲ್ಲ, ಆ ತಾಳ್ಮೆ ನಮಗೂ ಬಂದಿದೆ. ಕೊನೆಯ ಆಟದಲ್ಲಿ ಒಂದು ಕಾಲಾಳನ್ನು ಆ ತುದಿ ಮುಟ್ಟಿಸುವುದು ಹೇಗೆ ಎಂದು ನಮಗೆ ಗೊತ್ತು. ಇದನ್ನು ಹತ್ತು ನಿಮಿಷದಲ್ಲಿ ಯಾರೂ ಕಲಿಸಲಾರರು.

ಆದ್ದರಿಂದ ನೆನಪಿಡಿ:

• ಆರಂಭದಲ್ಲಿ ನಡುವಿನ ಮನೆಗಳ ಮೇಲೆ ಹಿಡಿತ ಇರಲಿ. ಕುದುರೆ, ಒಂಟೆ ಮೊದಲು ಹೊರಗೆ ಬರಲಿ.
• ಕಪ್ಪು ಕಾಯಿ ಇದ್ದಾಗ ಎಫ್7, ಬಿಳಿ ಇದ್ದಾಗ ಎಫ್2 ಮನೆಯ ಮೇಲೆ ಒಂದು ಕಣ್ಣಿರಲಿ.
• ಅಭ್ಯಾಸ ಆಗುವ ತನಕ ಕ್ಯಾಸ್ಲಿಂಗ್ ಮಾಡಿ. ಸುಲ್ತಾನ್ ಖಾನ್ ಮಾಡಲಿಲ್ಲ ಅಂತ ನೀವು ಬಿಡಬೇಡಿ. ಕಾಲಾಳುಗಳ ಬೇಲಿ ನೋಡಿ, ರಾಜನಿಗೆ ಅಪಾಯ ಇಲ್ಲ ಎಂದು ತಿಳಿದೇ ಅವರು ಬಿಟ್ಟದ್ದು.
• ಒಂದು ಕಾಲಾಳನ್ನು ಒಂದೇ ಮನೆ ಸರಿಸಿದರೂ ಯಾಕೆ ಸರಿಸಿದೆ ಎಂದು ನಿಮಗೆ ನೀವೇ ಹೇಳಿಕೊಳ್ಳಿ. ಕಾರಣ ಇಲ್ಲದಿದ್ದರೆ ಆ ನಡೆ ಬೇಡ.
• ಒಂದು ಅಂಕ ಮೇಲಿದ್ದರೆ ಸಾಕು. ಅವಸರ ಮಾಡದೆ ಒತ್ತಿ.

10. ಅಭ್ಯಾಸ

(1) ಮೇಲಿನ ಆಟದ 22ನೇ ನಡೆಯಲ್ಲಿ ಬಿಳಿ ರಾಜ ಸರಿಯುವ ಬದಲು ಎ1ರ ಆನೆಯಿಂದ ಸಿ1ರ ಆನೆಯನ್ನು ಹೊಡೆದಿದ್ದರೆ ಮುಂದೆ ಏನೇನು ಆಗಬಹುದಿತ್ತು? ಬೋರ್ಡ್ ಇಟ್ಟು ಆಡಿ ನೋಡಿ ಬರೆಯಿರಿ.

(2) ನಿಮ್ಮ ಮನೆಯ ಅಥವಾ ಓಣಿಯ ಹಿರಿಯರೊಬ್ಬರ ಹತ್ತಿರ ಹೋಗಿ ಅವರ ಚದುರಂಗದ ನಿಯಮ ಕೇಳಿ ಬರೆದುಕೊಂಡು ಬನ್ನಿ. ಕಾಲಾಳು ಎಷ್ಟು ಮನೆ? ರಾಜ ಹಾರುತ್ತಾನೋ ಇಲ್ಲವೋ? ನಮ್ಮ ತಾತನ ನಿಯಮಕ್ಕೂ ಪಕ್ಕದ ಊರಿನ ನಿಯಮಕ್ಕೂ ವ್ಯತ್ಯಾಸ ಇರಬಹುದು.

(3) ನೀವು ಆಡಿದ ಒಂದು ಆಟದ ಎಲ್ಲ ನಡೆಗಳನ್ನೂ ಬರೆದಿಡಿ. ಆಮೇಲೆ ನಿಮ್ಮ ಬಗ್ಗೆಯೇ ಮೂರು ಪ್ರಶ್ನೆ ಕೇಳಿಕೊಳ್ಳಿ: ಹೇಗೆ ಶುರು ಮಾಡಿದೆ? ಬಲ ಎಲ್ಲಿ? ಕೊರತೆ ಎಲ್ಲಿ?

ಉತ್ತರಗಳನ್ನು ಹಾಳೆಯಲ್ಲಿ ಬರೆದು ನಮ್ಮ ಗೋಡೆ ಪತ್ರಿಕೆಯ ಡಬ್ಬಕ್ಕೆ ಹಾಕಿ. ಒಳ್ಳೆಯದನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಶನಿವಾರ ಶಾಲೆ ಬಿಟ್ಟ ಮೇಲೆ ಗ್ರಂಥಾಲಯದ ಕೋಣೆಯಲ್ಲಿ ಎರಡು ಬೋರ್ಡ್ ಇಟ್ಟಿರುತ್ತೇವೆ. ಒಂದರಲ್ಲಿ ಪಂದ್ಯದ ಆಟ, ಇನ್ನೊಂದರಲ್ಲಿ ಕಟ್ಟೆ ಆಟ. ನಮ್ಮ ತಾತನನ್ನೂ ಕರೆದಿದ್ದೇನೆ, ಬರ್ತೀನಿ ಅಂದಿದ್ದಾರೆ. ಬಸ್ಸಿನಲ್ಲಿ ಆ ಮಾತು ಆಡಿದ ನನ್ನ ಸ್ನೇಹಿತನೂ ತಪ್ಪದೆ ಬರಬೇಕು. ಮೊದಲ ಆಟ ಅವನ ಜೊತೆಗೇ.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ